ತಂಬಿಗೆ ಕಟ್ಟಿ ನೋಡಿದ ಕೋಲು

ಮೊನ್ನೆ ಭಾನುವಾರ ಬೆಳಿಗ್ಗೆ ಎದುರು ಮನೆಯ ಬ್ಯಾಂಕ್ ಗುಮಾಸ್ತ ಉದ್ದನೆಯದೊಂದು ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದ. ದೇವರಾಜ ಅರಸು ಬಡಾವಣೆಯ ನಮ್ಮ ರಸ್ತೆಯಲ್ಲಿ ಯಾರ ಮನೆಗೆ ಏನು ಹೊಸದು ಬಂದರೂ ಒಮ್ಮೆ ನನಗೆ ತೋರಿಸಿ ಹೋಗುವುದು ರೂಢಿ. ಮುದುಕ ಮನೆಯಲ್ಲೇ ಇರುತ್ತಾನೆ, ಏನಾದರೊಂದು ಕೊಂಕು ಹುಡುಕಿ ಹೇಳುತ್ತಾನೆ ಎಂಬುದು ಅವರ ಲೆಕ್ಕ. ಪೊಟ್ಟಣ ಬಿಚ್ಚಿದರೆ ಒಳಗೆ ಗಾಳದ ಕೋಲು! ಕಪ್ಪಗೆ, ನುಣ್ಣಗೆ, ಬುಡದಲ್ಲಿ ಕೈಗೆ ತೊಡಿಸಿಕೊಳ್ಳಲು ಒಂದು ಬಾರು ಬೇರೆ.

"ಹಿಡಿದು ನೋಡ್ರಿ ಅಂಕಲ್, ಭಾರನೇ ಇಲ್ಲ. ರೇಟೂ ಜಾಸ್ತಿ ಇಲ್ಲ" ಎಂದ.

ಹಿಡಿದೆ. ನಿಜಕ್ಕೂ ಭಾರವಿರಲಿಲ್ಲ. ನಾನು ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಆದರೂ ಕೋಲು ಕೈಗೆ ಬಂದದ್ದೇ ತಡ, ಬಾಯಿಂದ ತಾನಾಗಿ ಮಾತು ಬಂತು: "ಒಂದು ತಂಬಿಗೆ ನೀರು ತಗೊಂಡ್ ಬರ್ರಿ." ಸೊಸೆ ಒಳಗಿನಿಂದ ಲೋಟದಲ್ಲಿ ನೀರು ತಂದುಕೊಟ್ಟಳು. ನಾನು ಕುಡಿಯಲು ಕೇಳಿರಲಿಲ್ಲ… ಆದರೆ ಅದನ್ನು ಹೇಗೆ ಹೇಳುವುದು? ಸುಮ್ಮನೆ ಕುಡಿದೆ. ಮನಸ್ಸು ಮಾತ್ರ ಆಗಲೇ ಜಾಬರ್ ಮಾವನ ಹೊಸ್ತಿಲಿಗೆ ಹೋಗಿ ನಿಂತಿತ್ತು.

ಆಗ ನಾನು ಇದೇ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಹಾಜರಿ ಗುಮಾಸ್ತ. ಅರವತ್ತರ ದಶಕದ ಮೊದಲ ವರ್ಷಗಳು. ಮಲೆಬೆನ್ನೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿ ಇತ್ತು. ಅಲ್ಲಿ ಗಜಕಡ್ಡಿ ಹಿಡಿದು ಕೂರಲು ಮನಸ್ಸಾಗದೆ ಓಡಿಬಂದು, ಮಿಲ್ಲಿನ ಹಿಂದಿನ ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಗೋಡೆಯ ಆಚೆ ಅವರ ಮನೆ. ಮಗ್ಗಗಳ ವಿಭಾಗದಲ್ಲಿ ಅವರು ಜಾಬರ್, ಎಂದರೆ ನೇಯುವವರ ಮೇಲಿನ ಮೇಸ್ತ್ರಿ. ವಠಾರವೆಲ್ಲ 'ಜಾಬರ್' ಎನ್ನುತ್ತಿತ್ತು, ನಾನು ಅದಕ್ಕೆ ಮಾವ ಸೇರಿಸಿಕೊಂಡೆ. ಅವರ ಹೆಂಡತಿ ತಾವಾಗಿಯೇ ಅತ್ತೆಯಾದರು. ಮೀನು ಬೇಯುವ ದಿನ ನನ್ನ ಕಡೆಯ ಕಿಟಕಿಗೆ ಗೋಣಿತಟ್ಟು ಇಳಿಬಿಡುವಷ್ಟು ಮರ್ಯಾದೆ ಆ ಮನೆಯವರದು.

ಮಾವ ಕೂತಲ್ಲಿ ಕೂರುವ ಮನುಷ್ಯನಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಚಹಾವನ್ನು ನಿಂತೇ ಕುಡಿಯುವುದು, ಅರ್ಧ ಊಟದಲ್ಲಿ ಎದ್ದು ಬಾಗಿಲಾಚೆ ಇಣುಕುವುದು, ಮಿಲ್ಲಿನ ಸೈರನ್ ಕೂಗುವ ಮೊದಲೇ ನನ್ನ ಬಾಗಿಲು ಬಡಿದು "ಏನ್ ತಮ್ಮಾ, ಇನ್ನೂ ಬಿದ್ದೀಯಲ್ಲೋ" ಎನ್ನುವುದು. ಹಿಡಿದ ಹಟವನ್ನಂತೂ ಬಿಟ್ಟವರೇ ಅಲ್ಲ. ಹರಿಹರದ ಹೊಳೆ ದಂಡೆಯ ಅಂಬಿಗರ ಮನೆಯಲ್ಲಿ ಹುಟ್ಟಿದವರು, ತಂದೆ ಹರಿಗೋಲು ನಡೆಸುತ್ತಿದ್ದರಂತೆ. ವಾರದ ರಜೆ ಬಂದರೆ ರೈಲು ಹತ್ತಿ ಹರಿಹರಕ್ಕೆ ಹೋಗಿ ಗಾಳ ಹಾಕಿ ಕೂರುತ್ತಿದ್ದರು. ಲೋಕದಲ್ಲಿ ಈ ಮನುಷ್ಯ ಅಲುಗಾಡದೆ ಕೂರುವ ಜಾಗ ಅದೊಂದೇ ಎಂದು ಅತ್ತೆ ಹೇಳುತ್ತಿದ್ದರು.

ಅಂಥವರಿಗೆ ಒಂದು ದಿನ ಮಗ್ಗದ ಪಕ್ಕದಲ್ಲೇ ಲಕ್ವ ಹೊಡೆಯಿತು. ಬಲಗೈ ಸೋತು ಜೋತುಬಿತ್ತು, ಬಲಗಾಲು ಎಳೆಯತೊಡಗಿತು. ಬಾಯಿ ಮತ್ತು ಸಿಟ್ಟು ಮಾತ್ರ ಮೊದಲಿನಂತೆಯೇ ನೆಟ್ಟಗಿದ್ದವು. ಕೆಲಸ ಹೋಯಿತು. ಹೊಸ್ತಿಲ ಮೇಲೆ ಕೂರುವುದು, ಏಳುವುದು, ಕಾಲೆಳೆದುಕೊಂಡು ನಲ್ಲಿಯ ತನಕ ಹೋಗಿ ಬರುವುದು, ಮತ್ತೆ ಕೂರುವುದು… ನೋಡುವವರಿಗೇ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಒಂದ್ಸಲ ಹೊಳೆ ಮುಂದೆ ಕುಂತು ಬರ್ತೀನಿ. ಇಲ್ದಿದ್ರೆ ಈ ಹೊಸ್ತಿಲ ಮ್ಯಾಲೇ ಹುಚ್ಚು ಹಿಡಿದು ಸಾಯ್ತೀನಿ ನೋಡು" ಎಂದು ಒಂದು ದಿನ ನನ್ನ ಮುಂದೆ ಅಂದರು. ಅವರ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ.

ತೊಡಕು ಇದ್ದದ್ದು ಕೋಲಿನದು. ಅವರ ಹಳೆಯ ಕೋಲು ಒಳಗೆ ಪೊಳ್ಳಿಲ್ಲದ ಗಂಡುಬಿದಿರಿನದು, ಎಡಗೈಗೆ ಅದನ್ನು ಎತ್ತಿ ಹಿಡಿಯುವ ಶಕ್ತಿ ಇರಲಿಲ್ಲ. "ಕೈಗೆ ಕಟ್ಕೊಂಡ್ರೆ ಆತು" ಎಂದರು ಮಾವ. ಅಷ್ಟು ಹೇಳಿದ್ದೇ ತಡ, ಅತ್ತೆ ಒಳಗಿನಿಂದ ದಡದಡನೆ ಬಂದು ಆ ಕೋಲನ್ನು ಕಸಿದುಕೊಂಡು ಹೋಗಿ ಕೊಡಲಿಯಿಂದ ತುಂಡು ಮಾಡಿ ಒಲೆಗೆ ಹಾಕಿಬಿಟ್ಟರು.

ಅತ್ತೆಯ ಅಣ್ಣ ಗಾಳದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೂರುತ್ತಿದ್ದನಂತೆ. ಒಂದು ದಿನ ದೊಡ್ಡ ಬಾಳೆಮೀನು ಕಚ್ಚಿ ಅವನನ್ನೇ ಎಳೆದುಕೊಂಡು ಹೋಯಿತು. ಹೆಣ ಸಿಕ್ಕಾಗಲೂ ದಾರ ಕೈಗೆ ಬಿಗಿದುಕೊಂಡೇ ಇತ್ತಂತೆ… ಅತ್ತೆ ಅದನ್ನು ಹೇಳಿದ್ದು ಒಂದೇ ಸಲ, ಒಲೆಯ ಕಡೆ ಮುಖ ಮಾಡಿಕೊಂಡು.

"ಹೊಳಿಗೆ ಹೋಗ್ಬ್ಯಾಡ್ರಿ ಅನ್ನಂಗಿಲ್ಲ ನಾನು. ಹಿಡಿಯಾಕೂ ಬರ್ಬೇಕು, ಬಿಡಾಕೂ ಬರ್ಬೇಕು. ಅಂಥ ಕೋಲು ತಂದು ತೋರಿಸ್ರಿ, ಕಳಿಸ್ತೀನಿ" ಎಂದರು.

ಪರೀಕ್ಷೆಯನ್ನೂ ಅವರೇ ಗೊತ್ತುಮಾಡಿದರು. ದೇವರ ಮುಂದಿಡುವ ಸಣ್ಣ ಹಿತ್ತಾಳೆ ತಂಬಿಗೆಗೆ ನೀರು ತುಂಬಿ ಕೋಲಿನ ತುದಿಗೆ ಕಟ್ಟುವುದು. ಒಲೆಯ ಮೇಲಿಟ್ಟ ಹಾಲು ಉಕ್ಕುವ ತನಕ ಮಾವ ಅದನ್ನು ಎಡಗೈಯೊಂದರಲ್ಲೇ ಎತ್ತಿ ಹಿಡಿದಿರಬೇಕು. ಅತ್ತೆ "ಬಿಡ್ರಿ" ಎಂದ ಕೂಡಲೇ ಬಿಟ್ಟುಬಿಡಬೇಕು. ಅಷ್ಟೂ ಆಗಬೇಕಾದದ್ದು ಹೊಳೆಗೆ ಹೊಸ ನೀರು ಬರುವುದರೊಳಗೆ. ಮಳೆಗಾಲದ ಕೆಂಪು ನೀರು ಬಂದಮೇಲೆ ಯಾವ ಕೋಲಿದ್ದರೂ ಕಳಿಸುವುದಿಲ್ಲ ಎಂಬುದು ಕಡೆಯ ಮಾತು. ಮಾವ ಬಾಯಿತುಂಬ ಬೈದರು, ಕೊನೆಗೆ ಒಪ್ಪಿದರು. ಒಪ್ಪದೆ ಏನು ಮಾಡುವುದು, ಮಳೆಗಾಲ ಹತ್ತಿರ ಬರುತ್ತಿತ್ತು.

ಕೋಲು ತರುವ ಕೆಲಸ ನನ್ನ ಹೆಗಲಿಗೆ ಬಿತ್ತು. ಹೆಚ್ಚು ದುಡ್ಡಿನದು ಬೇಡ, ಹಗುರ ಇರಲಿ ಎಂದಷ್ಟೇ ಹೇಳಿದ್ದರು. ಬಟ್ಟೆ ಅಂಗಡಿಯವರ ಮಗ ನಾನು, ಹೊಸ ಸರಕು ನೋಡಿ ಆರಿಸುವುದೇ ನನ್ನ ಬುದ್ಧಿ. ಮೇದಾರರ ಕೇರಿಗೆ ಹೋಗಿ, ಆಗಷ್ಟೇ ಗಾಡಿಯಿಂದ ಇಳಿಸಿದ್ದ ಹಚ್ಚಹಸಿರು ಬಿದಿರೊಂದನ್ನು ಆರಿಸಿ, ಹೆಗಲ ಮೇಲಿಟ್ಟುಕೊಂಡು ಹೆಮ್ಮೆಯಿಂದಲೇ ವಠಾರಕ್ಕೆ ಬಂದೆ.

ಮೊದಲು ಕಂಡವಳು ಹೂ ಮಾರುವ ಅಜ್ಜಿ. ಬುಟ್ಟಿ ಕೆಳಗಿಟ್ಟು ಕೈ ಮುಗಿದಳು. ನನಗೆ ಅರ್ಥವಾಗಲಿಲ್ಲ. ಇನ್ನೊಬ್ಬರು ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತರು. ನಲ್ಲಿಯ ಹತ್ತಿರ ಯಾರೋ "ಅಯ್ಯೋ ಜಾಬರಪ್ಪಾ, ಹೋಗಿಬಿಟ್ಯಾ" ಎಂದು ಹುಯ್ಯಲಿಟ್ಟರು. ಕೇಳಿದವರೆಲ್ಲ ಹೊರಗೆ ಬಂದರು, ಒಬ್ಬ ಮಿಲ್ಲಿನ ಗೇಟಿಗೆ ಸುದ್ದಿ ಒಯ್ದ. ಕಾಯಿಲೆಯವರಿರುವ ಮನೆಗೆ ಹಸಿ ಬಿದಿರು ಹೊತ್ತು ಹೋಗುತ್ತಿದ್ದಾನೆ ಎಂದರೆ ಚಟ್ಟಕ್ಕಲ್ಲದೆ ಮತ್ತೆ ಯಾತಕ್ಕೆ! ಅಷ್ಟರಲ್ಲಿ ಗದ್ದಲ ಕೇಳಿ ಮಾವ ಕಾಲೆಳೆದುಕೊಂಡು ಹೊಸ್ತಿಲಿಗೆ ಬಂದರು.

"ಯಾರೋ ಸತ್ತಿದ್ದು?" ಎಂದು ಕೇಳಿದರು.

ಎಲ್ಲರೂ ಅವರನ್ನೇ ನೋಡುತ್ತ ನಿಂತರು. ಸಂಗತಿ ತಿಳಿದಾಗ ಮಾವ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಗೋಡೆಗೆ ಒರಗಿ, ಕೆಮ್ಮಿ, ಕಣ್ಣೊರೆಸಿಕೊಂಡು ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ಬುದ್ಧಿ ಐತೇನೋ ನಿನಗೆ? ಕಾಯಿಲೆ ಮನಿಗೆ ಹಸಿ ಬಿದಿರು ತರ್ತಾರೇನೋ? ಇಟ್ಟು ಬಾ, ತಂದಲ್ಲಿ ಇಟ್ಟು ಬಾ!" ಎಂದು ಹೊಸ್ತಿಲಿಗೆ ನೀರು ಸುರಿದರು. ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರು ಕೊಡುವ ಮಜ್ಜಿಗೆ ಮಾತ್ರ ದಿನಾ ನನ್ನ ಕಿಟಕಿಯಲ್ಲಿ ಬಂದು ಕೂರುತ್ತಿತ್ತು.

ಅಲ್ಲಿಂದ ಮುಂದೆ ಕಬ್ಬಿನ ಜಲ್ಲೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆ ಮನೆಗೆ ಬಂದು ಹೋಯಿತು. ಹರಿಹರದಿಂದ ಮಾವನ ಹಳೆಯ ಗೆಳೆಯರೊಬ್ಬರ ಕೋಲು ತಂದೆ. ರೈಲಿನಲ್ಲಿ ಅದರ ತುದಿ ಕಿಟಕಿಯಿಂದ ಹೊರಗೆ, ಬುಡ ಎದುರಿಗೆ ಕೂತವರ ಮಡಿಲಲ್ಲಿ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳದ ಕೋಲು ನೋಡಿ ಊರಿನ ಪರಿಚಯದವರೊಬ್ಬರು "ಏನಪ್ಪಾ, ಅಂಗಡಿ ಬಿಟ್ಟು ಈ ದಂಧೆಗೆ ಇಳಿದ್ಯಾ?" ಎಂದು ಕೇಳಿ ಅಪ್ಪನಿಗೂ ವರದಿ ಮುಟ್ಟಿಸಿದರು. ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ದಾರ ಸುತ್ತುವ ಹಿತ್ತಾಳೆ ಗಾಲಿ ಹಾಕಿದ ಪರದೇಶದ ಕೋಲು ನೇತುಹಾಕಿದ್ದರು. ಬೆಲೆ ಕೇಳಿಯೇ ಹಿಂದಕ್ಕೆ ಬಂದೆ.

ಬಂದ ಒಂದೊಂದು ಕೋಲಿಗೂ ತಂಬಿಗೆ ಕಟ್ಟಿ ನೋಡುವುದು, ಒಲೆಯ ಮೇಲೆ ಹಾಲು. ಅತ್ತೆ ಒಲೆಗೆ ಹಸಿ ಜಾಲಿಯ ತುಂಡು ಹಾಕಿ, ಊದುಕೊಳವೆ ಮುಟ್ಟದೆ ಕೈ ಕಟ್ಟಿ ಕೂರುತ್ತಿದ್ದರು. ಹಾಲು ಏಕೆ ಉಕ್ಕೀತು? ಅಷ್ಟರಲ್ಲಿ ಮಾವನ ಕೋಲು ಕೆಳಗೆ ವಾಲತೊಡಗುತ್ತಿತ್ತು. ಸೋಲಬಾರದೆಂದು ಕೋಲಿನ ಬುಡವನ್ನು ಕಂಕುಳಿಗೆ ಅವುಚಿ, ಹೊಟ್ಟೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. "ಬಿಡ್ರಿ" ಎಂದರೆ ಬಿಡಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲವೋ ಮನಸ್ಸಿರಲಿಲ್ಲವೋ… ಬೈಯುತ್ತ, ಬೆವರುತ್ತ, ಅವುಚಿಕೊಂಡೇ ನಿಂತಿರುತ್ತಿದ್ದರು. ಅತ್ತೆ ಎದ್ದು ಬಂದು ತಂಬಿಗೆ ಬಿಚ್ಚಿಕೊಂಡು ಹೋಗುತ್ತಿದ್ದರು.

ಇತ್ತ ಪಡುವಣ ದಿಕ್ಕಿನಲ್ಲಿ ಸಂಜೆ ಸಂಜೆ ಮಿಂಚತೊಡಗಿತು. ಮಾವ ದಿನಕ್ಕೆ ಎಷ್ಟು ಸಲ ಆಕಾಶ ನೋಡುತ್ತಿದ್ದರೋ. ಹರಿಹರದ ಕಡೆಯಿಂದ ಬಂದವರು ಯಾರೇ ಸಿಗಲಿ, "ನೀರಿನ ಬಣ್ಣ ಹೆಂಗೈತ್ರಿ?" ಎಂಬುದೇ ಮಾತು. ಅವರ ಚಡಪಡಿಕೆ ನನಗೂ ಅಂಟಿಕೊಂಡು, ಹಾಜರಿ ಬರೆಯುವಾಗಲೂ ಕಿಟಕಿಯಾಚೆ ಮೋಡ ಹುಡುಕುತ್ತಿದ್ದೆ. ಇಷ್ಟಕ್ಕೂ ನನಗೇನು ಆಗಬೇಕಿತ್ತು? ಆದರೂ ಊಟ ರುಚಿಸುತ್ತಿರಲಿಲ್ಲ.

ಕೊನೆಗೆ ಮಾವ "ನಾನೇ ಬರ್ತೀನಿ ನಡಿ" ಎಂದರು. ಜಟಕಾ ಮಾಡಿಕೊಂಡು ಮೇದಾರರ ಕೇರಿಗೆ ಹೋದೆವು. ನನಗೆ ಹಸಿ ಬಿದಿರು ಕೊಟ್ಟಿದ್ದ ಆ ಮೇದಾರಣ್ಣನೇ ಬುಟ್ಟಿ ಹೆಣೆಯುತ್ತ ಕೂತಿದ್ದ. ಗಾಳಕ್ಕೆ ಹಗುರ ಕೋಲು ಬೇಕೆಂದೆ. ಅವನು ಮಾವನ ಜೋತ ಕೈ ನೋಡಿದ. ಎದ್ದು ಸೂರಿನ ಸಂದಿಗೆ ಕೈ ಹಾಕಿ ಧೂಳು ಹಿಡಿದ ಒಂದು ಉದ್ದನೆಯ ಕೋಲು ಎಳೆದ. ಬಿದಿರಿನದೇ ಜಾತಿ, ಆದರೆ ಸಣಕಲು, ತೆಳುವು, ಒಳಗೆಲ್ಲ ಪೊಳ್ಳು. ವಾಟೆ ಎನ್ನುತ್ತಾರೆ.

"ಇದು ಬುಟ್ಟಿಗೂ ಬರಂಗಿಲ್ಲ, ತಟ್ಟಿಗೂ ಬರಂಗಿಲ್ಲ. ಒಣಗಿಹೋಗೈತೆ. ನಿಮ್ಮ ಕೈಗೆ ಬರ್ತೈತೇನು ನೋಡ್ರಿ" ಎಂದ.

ಮಾವ ಎರಡು ಬೆರಳು, ಒಂದು ಹೆಬ್ಬೆರಳಿನಲ್ಲಿ ಹಿಡಿದು ಗಾಳಿಯಲ್ಲಿ ಬೀಸಿದರು. ಸುಂಯ್ ಎಂದಿತು. ಇನ್ನೊಮ್ಮೆ ಬೀಸಿದರು. ಜಟಕಾದಲ್ಲಿ ವಾಪಸು ಬರುವಾಗ ಬೀಸುತ್ತಲೇ ಬಂದರು. ಕುದುರೆ ಬೆದರಿ ಜಟಕಾದವನ ಕೈಲಿ ಬೈಸಿಕೊಂಡದ್ದೂ ಆಯಿತು.

ಅಂದು ಅತ್ತೆ ಕೋಲನ್ನು ಒಮ್ಮೆ ಕೈಯಲ್ಲಿ ಹಿಡಿದು ಹಿಂದೆ ಕೊಟ್ಟರು. ಅವರೂ ಹೊಳೆ ದಂಡೆಯವರೇ ತಾನೆ. ಒಳಗೆ ಹೋಗಿ ಒಲೆ ಹಚ್ಚಿದರು. ನಾನು ಇಣುಕಿ ನೋಡುತ್ತೇನೆ, ಜಾಲಿಯ ತುಂಡು ಕಾಣಲಿಲ್ಲ. ಚೆನ್ನಾಗಿ ಒಣಗಿದ ಹತ್ತಿಕಟ್ಟಿಗೆಯನ್ನು ಹಿಡಿಹಿಡಿಯಾಗಿ ತುರುಕಿ, ಊದುಕೊಳವೆಯಿಂದ ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ! ಹಾಲು ನೋಡನೋಡುತ್ತ ಉಕ್ಕಿತು. ತಂಬಿಗೆಯ ಭಾರಕ್ಕೆ ಕೋಲು ಬಿಲ್ಲಾಗಿ ಬಾಗಿತ್ತು. ಮಾವ ಅದನ್ನು ಬೆರಳಲ್ಲೇ ಹಿಡಿದು ನೆಟ್ಟಗೆ ನಿಂತಿದ್ದರು, ಕಂಕುಳಿಗೆ ತಂದಿರಲಿಲ್ಲ.

"ಬಿಡ್ರಿ" ಎಂದರು ಅತ್ತೆ.

ಮಾವ ಬಿಡಲಿಲ್ಲ. ಕಣ್ಣು ಕೋಲಿನ ತುದಿಯಲ್ಲೇ ಇತ್ತು.

"ಬಿಡ್ರಿ ಅಂದ್ನಲ್ಲ…" ಅತ್ತೆಯ ದನಿ ಒಡೆಯಿತು.

ಬೆರಳು ಬಿಚ್ಚಿಕೊಂಡವು. ತಂಬಿಗೆ ಅಂಗಳದ ಕಲ್ಲಿಗೆ ಬಿದ್ದು ಒಂದು ಕಡೆ ನೆಗ್ಗಿತು. ದೇವರ ತಂಬಿಗೆ ನೆಗ್ಗಿದರೂ ಅತ್ತೆ ಬೈಯಲಿಲ್ಲ. ಸೆರಗಿನಲ್ಲಿ ಒರೆಸಿ ಎತ್ತಿಟ್ಟರು.

ಮಾರನೆಯ ಬೆಳಗಿನ ರೈಲಿಗೇ ಹೊರಟೆವು. ತಡಮಾಡುವಂತಿರಲಿಲ್ಲ, ಮಲೆನಾಡಿನ ಕಡೆ ಆಗಲೇ ಮಳೆ ಹಿಡಿದಿದೆ ಎಂದು ರೈಲಿನಲ್ಲಿ ಮಾತಾಡುತ್ತಿದ್ದರು. ಹರಿಹರದಲ್ಲಿ ಸ್ನಾನಘಟ್ಟದಿಂದ ದೂರ, ಹೊಳೆ ತಿರುಗುವ ಕಡೆ ಒಂದು ಬಂಡೆಯ ಮೇಲೆ ಕೂತರು. ಜೋಳದ ಹಿಟ್ಟಿನ ಉಂಡೆ ನಾನೇ ಕಟ್ಟಿದ್ದೆ. ಎರೆಹುಳ ಮುಟ್ಟುವುದಿಲ್ಲ, ಹಿಟ್ಟು ಬೇಕಾದರೆ ನಾದುತ್ತೇನೆ ಎಂಬುದು ನನ್ನ ಷರತ್ತು. ಗಾಳ ಬೀಸುವ ಮೊದಲು ಮಾವ ತಮ್ಮ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಕೋಲಿಗೆ ತಾಗಿಸಿದರು.

"ಎಡಗೈ ಒಂದ್ರಾಗೆ ಗಂಗವ್ವನ ಹತ್ರ ಏನೂ ಕೇಳ್ಬಾರ್ದು ತಮ್ಮಾ" ಎಂದರು.

ಆಮೇಲೆ ಅವರು ಕೂತದ್ದನ್ನು ನೋಡಬೇಕಿತ್ತು. ಕಾಲು ಅಲುಗಲಿಲ್ಲ, ತಲೆ ತಿರುಗಲಿಲ್ಲ, ಬಾಯಿಯಲ್ಲಿ ಒಂದು ಮಾತಿಲ್ಲ. ನೀರಿನ ಮೇಲಿನ ಬೆಂಡನ್ನು ನೋಡುತ್ತ ಮನುಷ್ಯ ತಣ್ಣಗಾಗಿಬಿಟ್ಟಿದ್ದರು. ಚಡಪಡಿಸುತ್ತಿದ್ದವನು ನಾನು. ನೀರು ಕಲಕುತ್ತಿದೆಯೇ, ಏರುತ್ತಿದೆಯೇ, ಈಜು ಬಾರದ ನನಗೆ ಅದೇ ಧ್ಯಾನ. ಸಣ್ಣ ಗೆಂಡೆಮೀನುಗಳು ಸಿಕ್ಕವು. ಬಿಡಿಸಿ ನೀರಿಗೇ ಹಾಕಿದರು. "ಇವತ್ತು ತಿನ್ನಾಕೆ ಬಂದಿಲ್ಲ" ಎಂದರು.

ಬಿಸಿಲೇರುವ ಹೊತ್ತಿಗೆ ಬೆಂಡು ಒಮ್ಮೆಲೆ ಮುಳುಗಿತು. ಕೋಲು ನೀರಿಗೆ ಮುತ್ತಿಡುವಷ್ಟು ಬಾಗಿತು. ಬಾಳೆಮೀನೇ ಇರಬೇಕು, ದೊಡ್ಡದು. ಮಾವ ಎದ್ದು ನಿಂತರು. ಸೋತ ಕಾಲು ಬಂಡೆಯ ಪಾಚಿಯ ಮೇಲೆ ಜಾರಿ ಪಾದ ನೀರಿಗಿಳಿಯಿತು. ನಾನು ಅವರ ಅಂಗಿ ಹಿಡಿದುಕೊಂಡು ಕಿರುಚಿದೆ, "ಬಿಡ್ರಿ ಮಾವಾ! ಬಿಡ್ರಿ!" ಕೇಳಿಸಿತೋ ಇಲ್ಲವೋ. ಮಿಲ್ಲಿನಲ್ಲಿ ಮಗ್ಗ ಕೆಟ್ಟಾಗ ಬರುತ್ತಿದ್ದ ಆ ಹಳೆಯ ಹಟದ ಮುಖ ಬಂದಿತ್ತು. ಹಲ್ಲು ಕಚ್ಚಿದ್ದರು, ಕೈಯ ನರ ಎದ್ದಿತ್ತು. ಎಂದೂ ಬಿಟ್ಟವರಲ್ಲ… ಮುಗಿಯಿತು ಎಂದುಕೊಂಡೆ.

ಆಗ ಅವರ ತುಟಿ ಅಲುಗಿತು. ಏನಂದರೋ ಕೇಳಿಸಲಿಲ್ಲ. ಕೈ ಬಿಚ್ಚಿತು.

ಕೋಲು ಒಮ್ಮೆ ನೆಟ್ಟಗೆ ನಿಂತು, ಮಲಗಿ, ನಡುಹೊಳೆಗೆ ಓಡಿತು. ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ. ಇಬ್ಬರೂ ಬಂಡೆಯ ಮೇಲೆ ಕುಸಿದು ಕೂತೆವು. ಮಾವ ಬರಿಗೈಯನ್ನು ಬಿಡಿಸಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ನಾನಾಗೇ ಬಿಟ್ಟಿದ್ದು ಅಂದ್ರೆ ಇದೇ ಮೊದ್ಲು ನೋಡು ತಮ್ಮಾ" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ, ನನಗೆ ತಿಳಿಯಲಿಲ್ಲ.

ಸಂಜೆ ವಠಾರಕ್ಕೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಮುಖ ನೋಡಲಿಲ್ಲ, ಮೊದಲು ಕೈ ನೋಡಿದರು.

"ಕೋಲು?"

"ಬಿಟ್ಟೆ."

"ನಿಜಾನಾ?"

"ಇವನ್ನ ಕೇಳು" ಎಂದು ಮಾವ ನನ್ನ ಕಡೆ ಗದ್ದ ತಿರುಗಿಸಿದರು. ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ ನೆಗ್ಗಿದ ಆ ತಂಬಿಗೆಯಲ್ಲೇ ನೀರು ತಂದು ಗಂಡನ ಕಾಲಿಗೆ ಹಾಕಿದರು. ಆ ಸಂಜೆ ಅವರ ಮನೆಯಲ್ಲಿ ಶಾವಿಗೆ ಪಾಯಸ. ಬರಿಗೈಯಲ್ಲಿ ಬಂದವರಿಗೆ ಇದೇನು ಹಬ್ಬ ಎಂದು ವಠಾರದವರು ನಕ್ಕರು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಆ ವಾರವೇ ಹೊಸ ನೀರು ಬಂತು. ಮುಂದಿನ ಬೇಸಿಗೆಗೆ ಇನ್ನೊಂದು ಕೋಲು ನೋಡೋಣ ಎಂದು ಮಾತಾಯಿತು. ಮಾವ ಈಗ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದನ್ನೂ ಕಲಿತಿದ್ದರು. ಆದರೆ ಚಳಿಗಾಲದ ಒಂದು ಬೆಳಿಗ್ಗೆ ಎರಡನೆಯ ಸಲ ಲಕ್ವ ಹೊಡೆಯಿತು. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು.

ಬಿದಿರು ತರಲು ಯಾರಾದರೂ ಹೋಗಬೇಕಿತ್ತು. ನಾನು ಎದ್ದೆ. ದೂರದಿಂದಲೇ ಮೇದಾರಣ್ಣ ಗುರುತು ಹಿಡಿದು ನಕ್ಕ.

"ಬರ್ರಿ ಬರ್ರಿ. ಏನ್ರಿ, ಆ ಕೋಲು ಮುರೀತಾ? ಕೂಡ್ರಿ, ಇನ್ನೊಂದು ತೆಗೆದಿಟ್ಟೀನಿ. ಅದಕ್ಕಿಂತ ಹಗುರೈತೆ" ಎನ್ನುತ್ತ ಸೂರಿನ ಸಂದಿಗೆ ಕೈ ಹಾಕಿದ.

ನಾನು ಕೂರಲಿಲ್ಲ. "ಹಸೀದು ಬೇಕು" ಎಂದೆ.

ಅವನ ಕೈ ಸೂರಿನಲ್ಲೇ ನಿಂತಿತು. ಆಮೇಲೆ ಕೈ ತೆಗೆದು, ಹಸಿ ಬಿದಿರು ಕಡಿದು ಹೆಗಲಿಗೆ ಕೊಟ್ಟ.

ವಠಾರಕ್ಕೆ ಬಂದೆ. ಹೂವಿನ ಅಜ್ಜಿ ಕೈ ಮುಗಿದಳು, ಜನ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತರು. ಎಲ್ಲವೂ ಅಂದಿನಂತೆಯೇ ಇತ್ತು. "ಯಾರೋ ಸತ್ತಿದ್ದು?" ಎಂದು ಕೇಳುತ್ತ ಕಾಲೆಳೆದುಕೊಂಡು ಹೊಸ್ತಿಲಿಗೆ ಯಾರೂ ಬರಲಿಲ್ಲ… ಆ ಬಿದಿರನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತು ಗೋಳೋ ಎಂದು ಅತ್ತುಬಿಟ್ಟೆ. ಅತ್ತೆಯೇ ಬಂದು ಹೆಗಲಿನಿಂದ ಇಳಿಸಿಕೊಂಡರು. ಕೆಲವು ತಿಂಗಳಲ್ಲಿ ಅವರೂ ತವರಿನ ಕಡೆಯವರೊಂದಿಗೆ ಹೊರಟುಹೋದರು. ಮತ್ತೆ ನೋಡಲಿಲ್ಲ. ಈಗ ವಠಾರವೂ ಇಲ್ಲ, ಸೈರನ್ನೂ ಇಲ್ಲ. ಇಷ್ಟು ವರ್ಷಗಳಾದರೂ ಬೆಳಿಗ್ಗೆ ಯಾರಾದರೂ ಬಾಗಿಲು ಬಡಿದರೆ ಮೈ ಸಟ್ಟನೆ ಏಳುತ್ತದೆ.

"ಹೆಂಗೈತೆ ಅಂಕಲ್, ಕೋಲು?" ಎದುರು ಮನೆಯವ ಇನ್ನೂ ಕಾಯುತ್ತಿದ್ದ.

"ಚೆನ್ನಾಗೈತಪ್ಪ. ಆ ಬಾರು ಮಾತ್ರ ಕತ್ತರಿಸಿ ಒಗಿ."

"ಅಯ್ಯೋ, ಅದಿಲ್ಲಾಂದ್ರೆ ಮೀನು ಎಳೆದಾಗ ಕೋಲೇ ಹೋಗಿಬಿಡ್ತೈತಲ್ರಿ!"

"ಹೋಗ್ಲಿ ಬಿಡು" ಎಂದೆ.

ಮುದುಕನ ಕೊಂಕು ಬಂತು ಎಂದುಕೊಂಡಿರಬೇಕು, ನಕ್ಕು ಕೋಲನ್ನು ಚೀಲಕ್ಕೆ ಸೇರಿಸಿ, ಸ್ಕೂಟರ್ ಹತ್ತಿ ಹರಿಹರದ ದಾರಿ ಹಿಡಿದ. ಬಾರು ಕತ್ತರಿಸಲಿಲ್ಲ. ನನಗೆ ಆ ದಿನ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಿಟಕಿಗೂ ಗೇಟಿಗೂ ಓಡಾಡಿದೆ, ಸೊಸೆ ಗದರಿದರೂ ಕೇಳಲಿಲ್ಲ. ಸಂಜೆ ಸ್ಕೂಟರ್ ಬಂದು ನಿಂತಾಗ, ಅವನ ಮುಖ ನೋಡುವ ಮೊದಲು ಕೈ ನೋಡಿದೆ.